ದುಡ್ಡು ಬರೋಕೆ ಪಿನ್ ಯಾಕೆ ಕೇಳ್ತಾರೆ? ಕ್ಯೂಆರ್, ಪೇಮೆಂಟ್ ರಿಕ್ವೆಸ್ಟ್, ‘ತಪ್ಪಾಗಿ ಬಂದ ಹಣ’ದ ಬಗ್ಗೆ ಓದುಗರ ಪ್ರಶ್ನೆ

ಪ್ರಶ್ನೆ: ಸರ್ ನಮಸ್ತೆ, ನಾವು ದಾವಣಗೆರೆಯವರು. ನಾನು ಮನೇಲೇ ಬ್ಲೌಸ್ ಹೊಲಿಯೋದು, ಸೀರೆಗೆ ಫಾಲು ಕುಚ್ಚು ಹಾಕೋದು ಮಾಡ್ತೀನಿ. ಹಳೇ ಹೊಲಿಗೆ ಮಷೀನು ಮಾರೋಣ ಅಂತ ಆನ್‌ಲೈನಲ್ಲಿ ಫೋಟೋ ಹಾಕಿ 8,500 ರೂಪಾಯಿ ಅಂತ ಬರೆದಿದ್ದೆ. ಸ್ವಲ್ಪ ಹೊತ್ತಿಗೇ ಒಬ್ರು ಫೋನ್ ಮಾಡಿ ‘ನಾನು ಮಿಲಿಟರಿಯಲ್ಲಿದೀನಿ, ಮಷೀನು ನಮ್ಮನೆಯವರಿಗೆ, ಗಾಡಿ ಕಳಿಸಿ ತರಿಸ್ಕೋತೀನಿ, ಈಗಲೇ ಪೇಮೆಂಟ್ ಮಾಡ್ತೀನಿ’ ಅಂದ್ರು. ಚೌಕಾಸಿನೇ ಮಾಡ್ಲಿಲ್ಲ. ಯೂನಿಫಾರ್ಮಲ್ಲಿರೋ ಐಡಿ ಕಾರ್ಡ್ ಕಳಿಸಿದ್ರು. ‘ಆರ್ಮಿ ಅಕೌಂಟಿಗೆ ರೂಲ್ಸ್ ಇದೆ, ಮೊದಲು ನೀವು 5 ರೂಪಾಯಿ ಹಾಕಿ, ನಾನು ಡಬಲ್ ಹಾಕ್ತೀನಿ’ ಅಂದ್ರು, ಹಾಕಿದೆ, ನಿಜವಾಗ್ಲೂ 10 ರೂಪಾಯಿ ಬಂತು. ಆಮೇಲೆ ಒಂದು ಕ್ಯೂಆರ್ ಕಳಿಸಿ ‘ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ, 8,500 ಬರುತ್ತೆ’ ಅಂದ್ರು. ಸ್ಕ್ಯಾನ್ ಮಾಡಿದೆ, ಪಿನ್ ಒತ್ತೋಷ್ಟರಲ್ಲಿ ಪಿಯುಸಿ ಓದೋ ಮಗ ನೋಡಿ ಫೋನ್ ಕಸ್ಕೊಂಡು ಕಟ್ ಮಾಡ್ದ. ಸ್ಕ್ಯಾನ್ ಅಂತೂ ಮಾಡಿಬಿಟ್ಟಿದೀನಿ, ಅದರಿಂದ ಏನಾದ್ರೂ ಆಗುತ್ತಾ? ನಮ್ಮಣ್ಣ ಹೇಳ್ತಾರೆ ‘ದುಡ್ಡು ಕೇಳೋ ರಿಕ್ವೆಸ್ಟನ್ನೇ ಸರ್ಕಾರ ನಿಲ್ಲಿಸಿದೆ, ಇನ್ನು ಭಯ ಇಲ್ಲ’ ಅಂತ. ವಾಟ್ಸಾಪಲ್ಲಿ ಬ್ಯಾಲೆನ್ಸ್ ನೋಡೋಕೆ ಪಿನ್ ಹಾಕಿದ್ರೂ ದುಡ್ಡು ಹೋಗುತ್ತೆ ಅಂತ ಬರ್ತಾ ಇದೆ. ಮೊನ್ನೆ ನಮ್ಮ ಪಕ್ಕದ ಮನೆಯವರು ‘ತಪ್ಪಾಗಿ ನಿಮಗೆ ದುಡ್ಡು ಬಂದಿದೆ, ವಾಪಸ್ ಹಾಕಿ’ ಅಂತ ಒಬ್ಬ ಅತ್ತಿದ್ದಕ್ಕೆ 18,000 ಕಳಕೊಂಡ್ರು, ಮನೆಯವರಿಗೆ ಹೇಳೋಕೆ ಹೆದರಿ ಎರಡು ದಿನ ಸುಮ್ನಿದ್ರು. ಅವರಿಗೆ ಏನಾದ್ರೂ ವಾಪಸ್ ಬರುತ್ತಾ? ನಮ್ಮತ್ತೆ ಪೆನ್ಷನ್ ಖಾತೆನೂ ನನ್ನ ಫೋನಲ್ಲೇ ನೋಡ್ಕೋತೀನಿ. ಆ್ಯಪೇ ತೆಗೆದುಹಾಕ್ಲಾ ಅನ್ನೋಷ್ಟು ಭಯ ಆಗಿದೆ.

ಉತ್ತರ: ಮೇಡಂ, ಮೊದಲು ನಿಮ್ಮ ಮಗನಿಗೆ ಒಂದು ಶಭಾಷ್ ಹೇಳಿ. ಎರಡನೇದು, ನೀವು ಸ್ಕ್ಯಾನ್ ಮಾಡಿದ್ದರಿಂದ ಏನೂ ಆಗಿಲ್ಲ, ಹೋಗಿರೋದು ಏನೂ ಇಲ್ಲ, ನಿಶ್ಚಿಂತೆಯಿಂದಿರಿ. ನಾನು ಬ್ಯಾಂಕಲ್ಲಿ ಡಿಜಿಟಲ್ ಪೇಮೆಂಟ್ ದೂರುಗಳನ್ನ ನೋಡೋ ವಿಭಾಗದಲ್ಲಿ ಕೆಲಸ ಮಾಡೋನು, ನೀವು ಬರೆದಿರೋ ಈ ಮಿಲಿಟರಿ ಕಥೆ, 5ಕ್ಕೆ 10 ಕೊಡೋ ಕಥೆ, ತಪ್ಪಾಗಿ ಬಂದ ದುಡ್ಡಿನ ಕಥೆ ಎಲ್ಲಾ ನಮ್ಮ ಟೇಬಲ್ಲಿಗೆ ಬರ್ತಾನೇ ಇರ್ತವೆ, ಊರು ಬೇರೆ ಹೆಸರು ಬೇರೆ ಅಷ್ಟೇ, ಮಾತು ಮಾತ್ರ ಅದೇ. ನಿಮ್ಮ ಪ್ರಶ್ನೆಯೊಳಗೆ ನಾಲ್ಕೈದು ಪ್ರಶ್ನೆ ಇವೆ, ಕೆಲವು ನಿಜವಾದ ಭಯ, ಕೆಲವು ಸುಮ್ಮನೆ ಹಬ್ಬಿರೋ ಮಾತು, ಒಂದೊಂದಾಗಿ ನೋಡೋಣ.

ಕ್ಯೂಆರ್ ಅಂದ್ರೆ ಏನು ಅಂತ ಗೊತ್ತಾದ್ರೆ ಅರ್ಧ ಭಯ ಹೋಗುತ್ತೆ. ಆ ಕಪ್ಪು ಚೌಕಗಳೊಳಗೆ ಇರೋದು ಒಂದು ಯುಪಿಐ ವಿಳಾಸ, ಅಂದ್ರೆ ದುಡ್ಡು ಯಾರಿಗೆ ಹೋಗ್ಬೇಕು ಅನ್ನೋದು, ಜೊತೆಗೆ ಕೆಲವು ಸಲ ಎಷ್ಟು ಹೋಗ್ಬೇಕು ಅನ್ನೋದು. ನೀವು ಸ್ಕ್ಯಾನ್ ಮಾಡಿದಾಗ ಆಗೋದಿಷ್ಟೇ, ಕೈಯಲ್ಲಿ ಟೈಪ್ ಮಾಡ್ಬೇಕಾಗಿದ್ದ ವಿಳಾಸನ ಫೋನೇ ಓದಿ ‘ಪೇ’ ಮಾಡೋ ಪುಟ ತುಂಬಿಸಿ ಇಡುತ್ತೆ. ಬ್ಯಾಂಕ್ ಚಲನ್ ತುಂಬಿಸಿ ಸಹಿ ಹಾಕದೆ ಮೇಜಿನ ಮೇಲೆ ಇಟ್ಟ ಹಾಗೆ. ಸಹಿ ಬೀಳೋದು ಪಿನ್ ಒತ್ತಿದಾಗ. ಹಾಗಾಗಿ ಪಿನ್ ಹಾಕದೆ ಹಿಂದೆ ಬಂದ್ರೆ ಅಲ್ಲಿಗೆ ಮುಗೀತು. ಒಂದೇ ಒಂದು ಎಚ್ಚರ, ಪೇಮೆಂಟ್ ಆ್ಯಪ್ ಒಳಗಿಂದ ಅಲ್ಲದೆ ಫೋನಿನ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿದಾಗ ಯಾವುದೋ ವೆಬ್‌ಸೈಟ್ ತೆಗೆದು ಅಲ್ಲಿ ಕಾರ್ಡ್ ನಂಬರ್ ಕೇಳ್ತು ಅಂದ್ರೆ ಅದು ಬೇರೆ ಥರದ ಮೋಸ, ಅಲ್ಲಿ ಏನೂ ತುಂಬಿಸದೆ ಮುಚ್ಚಿಬಿಡಿ.

ಇನ್ನು ಸ್ಕ್ಯಾನ್ ಮಾಡಿ ದುಡ್ಡು ‘ಪಡೆಯೋ’ ವ್ಯವಸ್ಥೆ ಯುಪಿಐನಲ್ಲಿ ಇಲ್ವೇ ಇಲ್ಲ. 2016ರಲ್ಲಿ ಶುರುವಾದಾಗಿಂದ ಇವತ್ತಿನವರೆಗೂ ಇಲ್ಲ. ನಿಮಗೆ ದುಡ್ಡು ಬರಬೇಕಾದ್ರೆ ಅವರು ನಿಮ್ಮ ನಂಬರಿಗೋ ನಿಮ್ಮ ಯುಪಿಐ ಐಡಿಗೋ ಹಾಕ್ಬೇಕು, ಇಲ್ಲಾ ನಿಮ್ಮ ಕ್ಯೂಆರನ್ನ ಅವರು ಸ್ಕ್ಯಾನ್ ಮಾಡ್ಬೇಕು, ನೀವು ಆ ಹೊತ್ತಲ್ಲಿ ಕುಕ್ಕರ್ ಇಡ್ತಿದ್ರೂ ದುಡ್ಡು ಬಂದು ಬೀಳುತ್ತೆ, ನಿಮ್ಮ ಕೈಯಿಂದ ಪಿನ್ನು, ಓಟಿಪಿ, ಒಪ್ಪಿಗೆ ಯಾವುದೂ ಬೇಕಾಗಿಲ್ಲ. ಆರ್ಮಿ ಅಕೌಂಟು, ಕಂಪನಿ ಅಕೌಂಟು, ಎನ್ನಾರೈ ಅಕೌಂಟು ಯಾವುದಕ್ಕೂ ಬೇರೆ ರೂಲ್ಸ್ ಇಲ್ಲ. ನಿಮಗೆ ಕಳಿಸಿದ 10 ರೂಪಾಯಿ ಬಂತಲ್ಲ, ಆಗ ನೀವು ಪಿನ್ ಹಾಕಿದ್ರಾ? ಇಲ್ಲ. ಅದೇ ಉತ್ತರ ಅವನ ಸುಳ್ಳಿಗೆ.

ಆ 5 ರೂಪಾಯಿ ಆಟ ಯಾಕೆ ಆಡ್ತಾರೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಓದಿರೋರೂ ಬೀಳೋದು ಇಲ್ಲೇ. ಮೊದಲು 5 ಕಳಿಸುವಾಗ ನೀವು ಪಿನ್ ಒತ್ತಿರ್ತೀರಿ, ತಕ್ಷಣ 10 ಬಂತು. ಪಿನ್ ಒತ್ತಿದ ಮೇಲೆ ದುಡ್ಡು ಬಂತು ಅನ್ನೋದು ಮನಸ್ಸಲ್ಲಿ ಕೂತ್ಬಿಡುತ್ತೆ. ಎರಡನೇ ಸಲ ಕ್ಯೂಆರ್ ಬಂದಾಗ ಪಿನ್ ಒತ್ತೋದು ಸಹಜ ಅನ್ಸುತ್ತೆ. ಇಷ್ಟೊತ್ತೂ ಅವನು ಫೋನ್ ಇಡೋದೇ ಇಲ್ಲ ಗಮನಿಸಿದ್ರಾ? ‘ಮೇಡಂ ಲೈನಲ್ಲೇ ಇರಿ, ಕಟ್ ಮಾಡ್ಬೇಡಿ, ಈಗ ಕೆಳಗೆ ಹಸಿರು ಬಟನ್ ಒತ್ತಿ, ಈಗ ಪಿನ್’ ಅಂತ ಹೇಳ್ತಾನೇ ಇರ್ತಾನೆ. ಸ್ಕ್ರೀನ್ ಮೇಲೆ ಬರೆದಿರೋದನ್ನ ನೀವು ಓದಬಾರ್ದು, ಅವನ ಮಾತು ಕೇಳ್ತಾ ಬೆರಳು ಒತ್ತಬೇಕು, ಅವನಿಗೆ ಬೇಕಾಗಿರೋದು ಅಷ್ಟೇ. ನನ್ನ ಅನುಭವದಲ್ಲಿ ಇಂಥ ದೂರುಗಳಲ್ಲಿ ಮೋಸ ನಡೆಯೋದು ಆ್ಯಪ್ ಒಳಗಲ್ಲ, ಫೋನ್ ಕಾಲಲ್ಲಿ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಪೇಮೆಂಟ್ ಆ್ಯಪ್ ತೆಗೆಯೋ ಮುಂಚೆ ಕಾಲ್ ಕಟ್ ಮಾಡಿ, ಆಮೇಲೆ ತೆಗೀರಿ. ನಿಜವಾದ ಗಿರಾಕಿ ಆಗಿದ್ರೆ ಎರಡು ನಿಮಿಷ ಕಾಯ್ತಾನೆ. ಕಳ್ಳ ಆಗಿದ್ರೆ ಕಟ್ ಮಾಡಿದ ಕೂಡ್ಲೇ ಮತ್ತೆ ಮತ್ತೆ ಮಾಡ್ತಾನೆ, ಬೈಯೋಕೂ ಶುರು ಮಾಡ್ತಾನೆ, ಅಲ್ಲೇ ಗೊತ್ತಾಗುತ್ತೆ.

ಪಿನ್ ಹಾಕೋ ಪುಟ ಒಂದ್ಸಲ ಸರಿಯಾಗಿ ನೋಡಿ ಮೇಡಂ, ಇವತ್ತೇ ಮಗನಿಗೆ 1 ರೂಪಾಯಿ ಕಳಿಸೋ ನೆಪದಲ್ಲಿ ನೋಡಿ. ನೀವು ಯಾವ ಆ್ಯಪ್ ಬಳಸಿದ್ರೂ ಆ ಪುಟ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಯಾಕಂದ್ರೆ ಅದನ್ನ ಕೊಟ್ಟಿರೋದು ಯುಪಿಐ ನಡೆಸೋ ಎನ್‌ಪಿಸಿಐ. ಮೇಲೆ ನಿಮ್ಮ ಬ್ಯಾಂಕ್ ಹೆಸರು, ಅದರ ಕೆಳಗೆ ಯಾರಿಗೆ, ಎಷ್ಟು ಅಂತ ಇರುತ್ತೆ, ಅದಾದ್ಮೇಲೆ ಪಿನ್ನಿನ ಖಾಲಿ ಗೆರೆಗಳು. ಕಳ್ಳ 8,500 ‘ಬರುತ್ತೆ’ ಅಂತ ಫೋನಲ್ಲಿ ಹೇಳ್ತಿದ್ರೂ ಅಲ್ಲಿ 8,500 ‘ಕಳಿಸ್ತಿದೀರಿ’ ಅಂತಾನೇ ಇರುತ್ತೆ, ಅದನ್ನ ಅವನು ಬದಲಾಯಿಸೋಕಾಗಲ್ಲ. ಅವನು ಬದಲಾಯಿಸಬಹುದಾದ್ದು ಒಂದೇ, ಪೇಮೆಂಟ್ ಜೊತೆ ಬರೋ ಆ ಸಣ್ಣ ಒಕ್ಕಣೆ. ಅದರಲ್ಲಿ ‘ನಿಮ್ಮ ಖಾತೆಗೆ 8,500 ಜಮಾ’ ಅಂತಾನೋ ‘ರಿಫಂಡ್’ ಅಂತಾನೋ ಬರೆದಿರ್ತಾನೆ, ಅದು ಬ್ಯಾಂಕ್ ಬರೆದಿದ್ದು ಅಂದ್ಕೊಂಡು ಎಷ್ಟೋ ಜನ ಒತ್ತಿದಾರೆ. ಆ ಸಾಲಿಗೆ ಬೆಲೆ ಕೊಡಬೇಡಿ, ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀಬಹುದು.

ಹೆಸರಿನ ವಿಷಯದಲ್ಲಿ ಒಂದು ಒಳ್ಳೇ ಬದಲಾವಣೆ ಆಗಿದೆ. 2025ರ ಜೂನ್ ಕೊನೆಯಿಂದ ಆ್ಯಪ್‌ಗಳು ದುಡ್ಡು ಪಡೆಯೋರ ಬ್ಯಾಂಕ್ ದಾಖಲೆಯಲ್ಲಿರೋ ಹೆಸರನ್ನೇ ತೋರಿಸ್ಬೇಕು, ಅವರೇ ಇಟ್ಕೊಂಡಿರೋ ಅಡ್ಡಹೆಸರನ್ನ ಅಲ್ಲ. ಐಡಿ ಕಾರ್ಡಲ್ಲಿ ಒಂದು ಹೆಸರು, ಸ್ಕ್ರೀನಲ್ಲಿ ಇನ್ನೊಂದು ಇದ್ರೆ ಅಲ್ಲೇ ನಿಲ್ಲಿಸಿ. ‘ಅದು ನಮ್ಮ ಕ್ಯಾಂಟೀನ್ ಅಕೌಂಟೆಂಟ್ ಹೆಸರು ಮೇಡಂ’ ಅಂತ ಸಬೂಬು ಹೇಳೇ ಹೇಳ್ತಾನೆ, ಯಾಕಂದ್ರೆ ಅವನು ಬಳಸೋದು ಬೇರೆ ಯಾರಿಂದಲೋ ಬಾಡಿಗೆಗೆ ತಗೊಂಡ ಖಾತೆ. ಆ ಐಡಿ ಕಾರ್ಡೂ ಅಷ್ಟೇ, ಯಾರೋ ನಿಜವಾದ ಸೈನಿಕರದ್ದೇ ಕದ್ದಿರ್ತಾರೆ. ನಮ್ಮಲ್ಲಿ ಯೂನಿಫಾರ್ಮ್ ಅಂದ್ರೆ ಮನಸ್ಸಲ್ಲಿ ಒಂದು ಗೌರವ ಇದೆಯಲ್ಲ, ಆ ಗೌರವಕ್ಕೇ ಕೈ ಹಾಕ್ತಾರೆ, ನನಗೆ ಈ ಮೋಸದಲ್ಲಿ ಅತಿ ಸಂಕಟ ಆಗೋದು ಇದೇ.

ಈಗ ನಿಮ್ಮಣ್ಣನ ಮಾತು. ಅದು ಪೂರ್ತಿ ಸುಳ್ಳಲ್ಲ, ಆದ್ರೆ ಪೂರ್ತಿ ನಂಬಿ ಕೂತ್ರೆ ಕಷ್ಟ. ಮೊದಲು ಏನಿತ್ತು ಅಂದ್ರೆ ಯಾರು ಬೇಕಾದ್ರೂ ನಿಮ್ಮ ಯುಪಿಐ ಐಡಿಗೆ ‘ಇಷ್ಟು ಕೊಡಿ’ ಅಂತ ಕಲೆಕ್ಟ್ ರಿಕ್ವೆಸ್ಟ್ ಕಳಿಸಬಹುದಿತ್ತು, ಹೋಟೆಲ್ ಬಿಲ್ ಹಂಚಿಕೊಳ್ಳೋಕೆ, ಕೊಟ್ಟ ಸಾಲ ನೆನಪಿಸೋಕೆ ಅಂತ ಮಾಡಿದ್ದು. ಕಳ್ಳರು ಅದನ್ನ ಹಿಡ್ಕೊಂಡ್ರು. ಒಂದು ಸಲಕ್ಕೆ 2,000 ರೂಪಾಯಿ ಮಿತಿ ಹಾಕಿದ್ರು, ಆದ್ರೂ ನಿಲ್ಲಲಿಲ್ಲ. ಕೊನೆಗೆ ಎನ್‌ಪಿಸಿಐ 2025ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗೋ ಇಂಥ ರಿಕ್ವೆಸ್ಟನ್ನ ಪೂರ್ತಿ ಬಂದ್ ಮಾಡಿಸ್ತು. ಒಳ್ಳೇ ಕೆಲಸ. ಆದ್ರೆ ಆ ನಿಯಮ ವ್ಯಕ್ತಿ ವ್ಯಕ್ತಿ ನಡುವಿನದ್ದಕ್ಕೆ ಮಾತ್ರ, ವ್ಯಾಪಾರಿ ಅಂತ ನೋಂದಾಯಿಸಿಕೊಂಡೋರ ರಿಕ್ವೆಸ್ಟ್ ಅದರೊಳಗೆ ಬರಲಿಲ್ಲ. ಕ್ಯೂಆರ್ ಕಳಿಸೋದು ನಿಂತಿಲ್ಲ, ಪೇಮೆಂಟ್ ಲಿಂಕ್ ಕಳಿಸೋದು ನಿಂತಿಲ್ಲ, ನಿಮಗೆ ಬಂದಿದ್ದೂ ಕ್ಯೂಆರೇ ತಾನೇ. ಒಂದು ಬಾಗಿಲು ಮುಚ್ಚಿದಾರೆ, ಕಳ್ಳರು ಪಕ್ಕದ ಬಾಗಿಲಿಗೆ ಬಂದಿದಾರೆ.

ಆ ಪಕ್ಕದ ಬಾಗಿಲುಗಳಲ್ಲಿ ಜನ ಹೆಚ್ಚು ಗಮನಿಸದೇ ಇರೋದು ಆಟೋಪೇ. ಸಿನಿಮಾ ಆ್ಯಪು, ಮೊಬೈಲ್ ಬಿಲ್ಲು ಇಂಥದ್ದಕ್ಕೆ ತಿಂಗಳು ತಿಂಗಳು ತಾನಾಗೇ ಕಟ್ ಆಗಲಿ ಅಂತ ಒಂದೇ ಸಲ ಪಿನ್ ಹಾಕಿ ಒಪ್ಪಿಗೆ ಕೊಡೋ ವ್ಯವಸ್ಥೆ ಅದು. ‘1 ರೂಪಾಯಿ ಕಟ್ಟಿ ಲೋನ್ ಅರ್ಹತೆ ನೋಡಿ’, ‘1 ರೂಪಾಯಿಗೆ ಟ್ರಯಲ್’ ಅಂತ ಬಂದಾಗ ಒಂದು ರೂಪಾಯಿ ತಾನೇ ಅಂತ ಪಿನ್ ಒತ್ತುತೀರಿ, ಆದ್ರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರತಿ ತಿಂಗಳು ಇಷ್ಟರವರೆಗೆ’ ಅಂತ ಇರುತ್ತೆ. ಹಾಗಾಗಿ ಪಿನ್ ಒತ್ತೋ ಮುಂಚೆ ಯಾರಿಗೆ, ಎಷ್ಟು ಅನ್ನೋದರ ಜೊತೆ ಒಂದೇ ಸಲಕ್ಕಾ ಪದೇ ಪದೇನಾ ಅನ್ನೋದನ್ನೂ ನೋಡ್ಬೇಕು. ಇಂಥ ಕಡಿತಕ್ಕೆ ಒಂದು ದಿನ ಮುಂಚೆ ಮೆಸೇಜ್ ಬರಲೇಬೇಕು ಅಂತ ಆರ್‌ಬಿಐ ನಿಯಮ ಇದೆ, ಆ ಮೆಸೇಜನ್ನ ಕಂಪನಿ ಜಾಹೀರಾತು ಅಂದ್ಕೊಂಡು ಅಳಿಸಬೇಡಿ. ಆ್ಯಪಲ್ಲಿ ಆಟೋಪೇ ಅಂತ ಒಂದು ಜಾಗ ಇರುತ್ತೆ, ತೆಗೆದು ನೋಡಿ, ಗೊತ್ತಿಲ್ಲದ ಹೆಸರಿದ್ರೆ ಅಲ್ಲೇ ರದ್ದು ಮಾಡಿ.

ಬ್ಯಾಲೆನ್ಸ್ ನೋಡೋಕೆ ಪಿನ್ ಹಾಕಿದ್ರೆ ದುಡ್ಡು ಹೋಗುತ್ತೆ ಅನ್ನೋದು ತಪ್ಪು ಮಾಹಿತಿ. 2024ರ ಕೊನೇಲಿ ಇದು ತುಂಬಾ ಓಡಾಡ್ತು: ಕಳ್ಳ ನಿಮಗೆ ಸ್ವಲ್ಪ ದುಡ್ಡು ಹಾಕ್ತಾನೆ, ಏನಿದು ಅಂತ ನೀವು ಬ್ಯಾಲೆನ್ಸ್ ನೋಡೋಕೆ ಪಿನ್ ಒತ್ತುತೀರಿ, ಅದೇ ಪಿನ್ನಿಗೆ ಅವನು ಕಳಿಸಿದ್ದ ರಿಕ್ವೆಸ್ಟ್ ಪಾಸ್ ಆಗುತ್ತೆ, ಅಂತ. ಎನ್‌ಪಿಸಿಐನವರೇ ಹಾಗಾಗಲ್ಲ ಅಂತ ಸ್ಪಷ್ಟನೆ ಕೊಟ್ರು. ಬ್ಯಾಲೆನ್ಸ್ ನೋಡೋ ಪಿನ್ನು ಬೇರೆ ಕೆಲಸ, ಪೇಮೆಂಟ್ ಒಪ್ಪೋ ಪಿನ್ನು ಬೇರೆ ಕೆಲಸ, ಒಂದಕ್ಕೆ ಹಾಕಿದ್ದು ಇನ್ನೊಂದಕ್ಕೆ ಹೋಗಲ್ಲ. ರಿಕ್ವೆಸ್ಟ್ ಪಾಸ್ ಆಗ್ಬೇಕಾದ್ರೆ ನೀವೇ ಆ ರಿಕ್ವೆಸ್ಟ್ ತೆಗೆದು ‘ಪೇ’ ಒತ್ತಿ ಆಮೇಲೆ ಪಿನ್ ಹಾಕ್ಬೇಕು. ಇಂಥ ಸುಳ್ಳು ಎಚ್ಚರಿಕೆಗಳಿಂದ ನನಗಿರೋ ಬೇಜಾರು ಏನಂದ್ರೆ ಜನ ಬ್ಯಾಲೆನ್ಸ್ ನೋಡೋದನ್ನೇ ಬಿಟ್ಬಿಡ್ತಾರೆ, ಆದ್ರೆ ದಿನಾ ಬ್ಯಾಲೆನ್ಸ್ ನೋಡೋರಿಗೇ ಮೋಸ ಬೇಗ ಗೊತ್ತಾಗೋದು.

ತಪ್ಪಾಗಿ ಬಂದ ದುಡ್ಡು. ಇದರಲ್ಲಿ ಎರಡು ಥರ. ನಿಮ್ಮ ಪಕ್ಕದ ಮನೆಯವರಿಗೆ ಆಗಿದ್ದು ಬಹುಶಃ ಮೊದಲನೇದು, ಅಂದ್ರೆ ದುಡ್ಡು ಬಂದೇ ಇರಲ್ಲ. ಬ್ಯಾಂಕ್ ಮೆಸೇಜ್ ಥರಾನೇ ‘ನಿಮ್ಮ ಖಾತೆಗೆ 20,000 ಜಮಾ’ ಅಂತ ಕಳ್ಳನೇ ಟೈಪ್ ಮಾಡಿ ಕಳಿಸಿರ್ತಾನೆ, ಆಮೇಲೆ ಫೋನ್ ಮಾಡಿ ‘ಅಕ್ಕಾ 2,000 ಹಾಕೋ ಬದಲು ಒಂದು ಸೊನ್ನೆ ಜಾಸ್ತಿ ಆಯ್ತು, ಅಮ್ಮ ಆಸ್ಪತ್ರೆಲಿದಾರೆ, 18,000 ವಾಪಸ್ ಹಾಕಿ’ ಅಂತ ಅಳ್ತಾನೆ. ಮೆಸೇಜ್ ಎಲ್ಲಿಂದ ಬಂದಿದೆ ಅಂತ ಮೇಲೆ ನೋಡಿ. ಬ್ಯಾಂಕಿಂದ ಬರೋ ಎಸ್ಸೆಮ್ಮೆಸ್ ಹತ್ತಂಕಿ ಮೊಬೈಲ್ ನಂಬರಿಂದ ಬರಲ್ಲ, ಇಂಗ್ಲಿಷ್ ಅಕ್ಷರಗಳ ಹೆಸರಿಂದ ಬರುತ್ತೆ, ಈಗ 2025ರಿಂದ ಅದರ ಕೊನೇಲಿ ಒಂದು ಅಡ್ಡಗೆರೆ ಹಾಕಿ ಪಿ, ಎಸ್, ಟಿ, ಜಿ ಅಂತ ಒಂದಕ್ಷರನೂ ಇರುತ್ತೆ, ಪಿ ಅಂದ್ರೆ ಜಾಹೀರಾತು, ಎಸ್ ಅಂದ್ರೆ ಸೇವೆ, ಟಿ ಅಂದ್ರೆ ವ್ಯವಹಾರ, ಜಿ ಅಂದ್ರೆ ಸರ್ಕಾರ. ಆದ್ರೂ ಮೆಸೇಜ್ ನೋಡಿ ತೀರ್ಮಾನ ಮಾಡ್ಬೇಡಿ, ಖಾತೆ ತೆಗೆದು ಬ್ಯಾಲೆನ್ಸ್ ನೋಡಿ.

ಎರಡನೇ ಥರದಲ್ಲಿ ದುಡ್ಡು ನಿಜವಾಗ್ಲೂ ಬಂದಿರುತ್ತೆ, ಇದು ಇನ್ನೂ ತೊಡಕು. ಪಾಪ ಯಾರೋ ನಿಜವಾಗಿ ನಂಬರ್ ತಪ್ಪಿ ಹಾಕಿರಬಹುದು, ಇಲ್ಲಾ ಬೇರೆಯವರಿಂದ ಕದ್ದ ದುಡ್ಡನ್ನ ನಿಮ್ಮ ಖಾತೆ ಮೂಲಕ ದಾಟಿಸ್ತಾ ಇರಬಹುದು. ಬಂದಿದ್ದು ಒಂದು ಖಾತೆಯಿಂದ, ವಾಪಸ್ ಕೇಳ್ತಿರೋದು ಇನ್ನೊಂದು ನಂಬರಿಗೆ ಅಂದ್ರೆ ಅದು ಇದೇ ಅಂದ್ಕೊಳ್ಳಿ. ನೀವು ಮರುಕದಿಂದ ಕಳಿಸಿದ್ರಿ, ನಾಳೆ ನಿಜವಾಗಿ ಕಳಕೊಂಡೋರು ದೂರು ಕೊಟ್ರು, ದುಡ್ಡು ಹೋದ ದಾರಿ ಹಿಡಿದು ನಿಮ್ಮ ಖಾತೆನೂ ಫ್ರೀಜ್ ಆಗುತ್ತೆ, ಆಮೇಲೆ ನೀವು ನಿರಪರಾಧಿ ಅಂತ ಬೇರೆ ರಾಜ್ಯದ ಪೊಲೀಸರಿಗೆ ಪತ್ರ ಬರ್ಕೊಂಡು ಓಡಾಡ್ಬೇಕು. ಹಾಗಾಗಿ ಆ ದುಡ್ಡು ಖರ್ಚೂ ಮಾಡ್ಬೇಡಿ, ವಾಪಸ್ಸೂ ಹಾಕ್ಬೇಡಿ. ಫೋನ್ ಮಾಡಿದೋರಿಗೆ ‘ನಿಮ್ಮ ಬ್ಯಾಂಕಲ್ಲಿ ದೂರು ಕೊಡಿ, ನಾನು ನನ್ನ ಬ್ಯಾಂಕಿಗೆ ಬರ್ಕೊಡ್ತೀನಿ’ ಅಂದು, ಹಾಗೇ ನಿಮ್ಮ ಬ್ರಾಂಚಿಗೆ ಬರೆದು ಕೊಟ್ಟು ಸೀಲು ಹಾಕಿಸ್ಕೊಳ್ಳಿ. ನಿಜವಾಗಿ ತಪ್ಪಿ ಹಾಕಿದೋರಿಗೆ ಈ ದಾರಿಲೂ ದುಡ್ಡು ಸಿಗುತ್ತೆ, ನಿಮ್ಮನ್ನ ಕಲ್ಲು ಮನಸ್ಸಿನೋರು ಅಂತ ಯಾರೂ ಅನ್ನಲ್ಲ.

ಇಷ್ಟೆಲ್ಲಾ ಪಿನ್ ಸುತ್ತ ಮಾತಾಡಿದೆ, ಆದ್ರೆ ನೀವು ಪಿನ್ ಒತ್ತದೇನೂ ದುಡ್ಡು ಹೋಗೋ ದಾರಿಗಳಿವೆ, ನಿಜಕ್ಕೂ ಭಯ ಪಡಬೇಕಾದ್ದು ಅವಕ್ಕೇ. ವಾಟ್ಸಾಪಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ ಅಂತ ಒಂದು ಫೈಲು ಬರುತ್ತೆ, ಹೆಸರಿನ ಕೊನೇಲಿ ‘ಎಪಿಕೆ’ ಅಂತ ಇಂಗ್ಲಿಷಲ್ಲಿ ಮೂರಕ್ಷರ ಇರುತ್ತೆ. ಅದು ಕರೆಯೋಲೆನೂ ಅಲ್ಲ, ಚಲನ್ನೂ ಅಲ್ಲ, ಒಂದು ಆ್ಯಪು. ಅದನ್ನ ಹಾಕ್ಕೊಂಡು ಕೇಳಿದ್ದಕ್ಕೆಲ್ಲ ‘ಅಲೋ’ ಒತ್ತಿದ್ರೆ ನಿಮ್ಮ ಎಸ್ಸೆಮ್ಮೆಸ್ಸೆಲ್ಲಾ ಅವನಿಗೆ ಕಾಣುತ್ತೆ, ಓಟಿಪಿನೂ ಸೇರಿ. ಗೊತ್ತಿರೋ ನೆಂಟರ ನಂಬರಿಂದಲೇ ಬಂದಿದ್ರೂ ಒತ್ತಬೇಡಿ, ಅವರ ಫೋನೂ ಸಿಕ್ಕಿಬಿದ್ದು ಅಲ್ಲಿಂದ ತಾನಾಗೇ ಬಂದಿರುತ್ತೆ. ಇನ್ನೊಂದು, ಸ್ಕ್ರೀನ್ ಶೇರ್ ಆ್ಯಪ್, ಅಂದ್ರೆ ನಿಮ್ಮ ಫೋನಿನ ಪರದೆ ಅವನಿಗೂ ಕಾಣೋ ಹಾಗೆ ಮಾಡೋದು. ಗೂಗಲಲ್ಲಿ ಹುಡುಕಿದ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿದ್ರೆ ಎನಿಡೆಸ್ಕ್ ಥರದ್ದು ಹಾಕ್ಕೊಳ್ಳಿ ಅಂತಾರೆ, ಆರ್‌ಬಿಐ 2019ರಲ್ಲೇ ಇದರ ಬಗ್ಗೆ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು, ಇವತ್ತಿಗೂ ನಡೀತಿದೆ.

ಇದಕ್ಕಿಂತ ಕಮ್ಮಿ ಜನಕ್ಕೆ ಗೊತ್ತಿರೋದು ಹೇಳ್ತೀನಿ. ಅರ್ಥವಾಗದ ಅಕ್ಷರ ಅಂಕಿ ಕಲಸಿದ ಒಂದು ಉದ್ದದ ಮೆಸೇಜ್ ಕಳಿಸಿ ‘ಇದನ್ನ ಈ ನಂಬರಿಗೆ ಎಸ್ಸೆಮ್ಮೆಸ್ ಮಾಡಿ, ನಿಮ್ಮ ದೂರು ನೋಂದಣಿ ಆಗುತ್ತೆ’ ಅಂತಾರೆ. ಯುಪಿಐ ಆ್ಯಪ್ ಹೊಸ ಫೋನಲ್ಲಿ ಹಾಕಿದಾಗ ನಿಮ್ಮ ಸಿಮ್ಮಿಂದ ತಾನಾಗೇ ಒಂದು ಎಸ್ಸೆಮ್ಮೆಸ್ ಹೋಗುತ್ತಲ್ಲ, ಈ ನಂಬರು ಈ ಫೋನಲ್ಲಿದೆ ಅಂತ ಖಾತ್ರಿ ಮಾಡೋಕೆ, ಅದೇ ಮೆಸೇಜ್ ಅದು. ನೀವು ಕಳಿಸಿದ್ರೆ ಅವನ ಫೋನಲ್ಲಿ ನಿಮ್ಮ ನಂಬರ್ ನೋಂದಣಿ ಆಗುತ್ತೆ. ಆಮೇಲೆ ಡೆಬಿಟ್ ಕಾರ್ಡಿನ ಕೊನೇ ಆರು ಅಂಕಿ, ಮುಗಿಯೋ ತಿಂಗಳು ವರ್ಷ, ಒಂದು ಓಟಿಪಿ ಕೇಳ್ತಾನೆ. ಅದಿಷ್ಟು ಸಿಕ್ಕಿದ್ರೆ ಹೊಸ ಪಿನ್ನನ್ನ ಅವನೇ ಇಟ್ಕೋತಾನೆ, ನಿಮ್ಮ ಹಳೇ ಪಿನ್ ಅವನಿಗೆ ಬೇಕೇ ಆಗಿಲ್ಲ. ‘ನಾನು ಯಾರಿಗೂ ಪಿನ್ ಹೇಳಿಲ್ಲ ಸರ್’ ಅಂತ ಕಣ್ಣೀರು ಹಾಕಿದೋರು ಎಷ್ಟೋ ಜನ, ಅವರು ಹೇಳಿದ್ದು ನಿಜಾನೇ.

ನೀವು ಹೊಲಿಗೆ ದುಡ್ಡು ಯುಪಿಐಲಿ ತಗೊಳ್ತೀರಿ ಅನ್ಸುತ್ತೆ, ಅದಕ್ಕೊಂದು ಮಾತು. ಗಿರಾಕಿ ತೋರಿಸೋ ಸ್ಕ್ರೀನ್‌ಶಾಟು, ಟಿಕ್ ಮಾರ್ಕ್ ಬಂದ ಪುಟ ನಂಬಬೇಡಿ, ಅದೇ ಥರ ತೋರಿಸೋ ನಕಲಿ ಆ್ಯಪ್‌ಗಳಿವೆ. ನಿಮ್ಮ ಖಾತೆಗೆ ಬಂತಾ ನೋಡಿ ಬ್ಲೌಸ್ ಕೊಡಿ. ಗೋಡೆಗೆ ಕ್ಯೂಆರ್ ಅಂಟಿಸಿದ್ರೆ ಯಾರಾದ್ರೂ ಅದರ ಮೇಲೆ ತಮ್ಮದು ಅಂಟಿಸಿದಾರಾ ಅಂತ ಆಗಾಗ ಸ್ಕ್ಯಾನ್ ಮಾಡಿ ನಿಮ್ಮ ಹೆಸರು ಬರ್ತಿದೆಯಾ ನೋಡಿ.

ಆ್ಯಪ್ ತೆಗೆದುಹಾಕ್ಲಾ ಅಂತ ಕೇಳಿದ್ರಿ. ನಾನು ಬೇಡ ಅಂತೀನಿ. ಆ್ಯಪ್ ಅಳಿಸಿದ ಮಾತ್ರಕ್ಕೆ ಯುಪಿಐ ನೋಂದಣಿ ಹೋಗಲ್ಲ, ಕೊಟ್ಟಿರೋ ಆಟೋಪೇ ಒಪ್ಪಿಗೆನೂ ನಿಲ್ಲಲ್ಲ, ನಿಮ್ಮ ಕಣ್ಣಿಗೆ ಕಾಣದ ಹಾಗಾಗುತ್ತೆ ಅಷ್ಟೇ. ಜೊತೆಗೆ ನಿಮ್ಮ ದುಡಿಮೆ ದುಡ್ಡು ಬರೋ ದಾರಿನೂ ಮುಚ್ಚುತ್ತೆ. ನನ್ನ ಸಲಹೆ ಏನಂದ್ರೆ ಯುಪಿಐಗೆ ಒಂದು ಬೇರೆ ಸಣ್ಣ ಖಾತೆ ಇಟ್ಕೊಳ್ಳಿ, ಮಿನಿಮಮ್ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆ ಎಲ್ಲಾ ಬ್ಯಾಂಕಲ್ಲೂ ಇದೆ, ಕೇಳಿ ಮಾಡಿಸ್ಕೊಳ್ಳಿ. ಅದರಲ್ಲಿ ಒಂದೆರಡು ವಾರದ ಖರ್ಚಿನಷ್ಟು ಇರಲಿ, ಜಾಸ್ತಿ ಆದಾಗ ದೊಡ್ಡ ಖಾತೆಗೆ ಹಾಕಿ. ಅತ್ತೆಯವರ ಪೆನ್ಷನ್ ಖಾತೆಯನ್ನ ಯುಪಿಐಯಿಂದ ಬಿಡಿಸಿಬಿಡಿ. ಬ್ಯಾಲೆನ್ಸ್ ತಿಳ್ಕೊಳ್ಳೋಕೆ ಬ್ಯಾಂಕಿನ ಮಿಸ್ಡ್ ಕಾಲ್ ಸೇವೆ ಸಾಕು. ಇದರಲ್ಲಿ ಒಂದು ತೊಂದರೆ ಇದೆ, ಅವರಿಗೆ ತುರ್ತಾಗಿ ಔಷಧಿಗೆ ಬೇಕಾದಾಗ ಎಟಿಎಂಗೆ ಹೋಗ್ಬೇಕಾಗುತ್ತೆ, ಆ ಓಡಾಟ ಒಪ್ಪೋ ಹಾಗಿದ್ರೆ ಇದೇ ಸರಿ.

ಯುಪಿಐಲಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದವರೆಗೆ ಕಳಿಸಬಹುದು, ನಮ್ಮಂಥೋರ ಮನೆಗೆ ಅಷ್ಟು ಮಿತಿ ಯಾಕೆ? ಎಷ್ಟೋ ಬ್ಯಾಂಕುಗಳು ಇದನ್ನ ಕಡಿಮೆ ಮಾಡ್ಕೊಳ್ಳೋಕೆ ಬಿಡ್ತವೆ, ಬ್ರಾಂಚಲ್ಲಿ ಕೇಳಿ 5,000ಕ್ಕೋ 10,000ಕ್ಕೋ ಇಳಿಸಿ. ಯಾವತ್ತಾದ್ರೂ ದೊಡ್ಡ ಪೇಮೆಂಟ್ ಮಾಡ್ಬೇಕಾದಾಗ ಕಿರಿಕಿರಿ ಆಗುತ್ತೆ, ಆದ್ರೆ ಆ ಕಿರಿಕಿರಿನೇ ಕಾಪಾಡೋದು. ತರಕಾರಿ ಹಾಲಿಗೆ ಯುಪಿಐ ಲೈಟ್ ಇದೆ, 5,000ದವರೆಗೆ ತುಂಬಿಟ್ಕೊಂಡು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಪಿನ್ ಒತ್ತೋದು ಅಪರೂಪವಾದಷ್ಟೂ ಪಿನ್ ಕೇಳಿದಾಗ ಕೈ ತಡೆದು ನೋಡೋ ಅಭ್ಯಾಸ ಆಗುತ್ತೆ. ಆದ್ರೆ ಫೋನ್ ಲಾಕ್ ಇಲ್ದೆ ಕಳಕೊಂಡ್ರೆ ಲೈಟಲ್ಲಿರೋ ದುಡ್ಡು ಹೋದ ಹಾಗೇ, ಅದಕ್ಕೆ ಸಾವಿರ ಎರಡು ಸಾವಿರಕ್ಕಿಂತ ಜಾಸ್ತಿ ತುಂಬಬೇಡಿ.

ಕೊನೇದಾಗಿ ನಿಮ್ಮ ಪಕ್ಕದ ಮನೆಯವರು. ಅವರಿಗೆ ದಯವಿಟ್ಟು ಬೈಯಬೇಡಿ, ಬೈಯೋಕೂ ಬಿಡಬೇಡಿ. ಎರಡು ದಿನ ಸುಮ್ನಿದ್ರು ಅಂದ್ರಲ್ಲ, ನನಗೆ ಓದಿ ಹೊಟ್ಟೆ ಉರೀತು, ಅವರ ಮೇಲಲ್ಲ, ಆ ಹೆದರಿಕೆ ಮೇಲೆ. ದುಡ್ಡು ಹೋದ ಮೊದಲ ಒಂದೆರಡು ಗಂಟೇಲಿ ಸೈಬರ್ ಮೋಸದ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ ಆ ದೂರು ನೇರವಾಗಿ ಬ್ಯಾಂಕುಗಳಿಗೆ ಹೋಗಿ ದುಡ್ಡು ಇರೋ ಖಾತೆಲಿ ತಡೆ ಹಾಕೋಕಾಗುತ್ತೆ. ತಡ ಆದಷ್ಟೂ ಅದು ಒಂದು ಖಾತೆಯಿಂದ ನಾಲ್ಕಕ್ಕೆ, ಅಲ್ಲಿಂದ ಎಟಿಎಂಗೆ ಹೋಗಿಬಿಡುತ್ತೆ. ಗಂಡ ಬೈತಾನೆ, ಮಗ ನಗ್ತಾನೆ ಅಂತ ಸಂಜೆವರೆಗೆ ಕಾದು ಕಳಕೊಂಡೋರನ್ನ ನಾನು ತುಂಬಾ ನೋಡಿದೀನಿ, ಕಳ್ಳನಿಗೆ ಅಷ್ಟು ಟೈಮ್ ಕೊಟ್ಟಿದ್ದು ಮನೆಯವರ ಬಾಯಿ.

ಎರಡು ದಿನ ಆದ್ರೂ ಬಿಡಬೇಡಿ, ಇವತ್ತೇ 1930ಕ್ಕೆ ಮಾಡ್ಸಿ, ಇಲ್ಲಾ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಅನ್ನೋ ಸರ್ಕಾರಿ ತಾಣದಲ್ಲಿ ನಿಮ್ಮ ಮಗನ ಕೈಲಿ ದೂರು ತುಂಬಿಸಿ. ಆ್ಯಪಿನ ಹಿಸ್ಟರಿಲಿ ಆ ಪೇಮೆಂಟ್ ತೆಗೆದ್ರೆ ಯುಟಿಆರ್ ಅಂತ 12 ಅಂಕಿಯ ನಂಬರ್ ಇರುತ್ತೆ, ಅದಿಲ್ಲದೆ ಏನೂ ಮುಂದೆ ಹೋಗಲ್ಲ, ಬರ್ಕೊಳ್ಳಿ. ಬಂದ ಮೆಸೇಜು, ಕಾಲ್ ಬಂದ ನಂಬರು ಅಳಿಸಬೇಡಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ, ದಾವಣಗೆರೆಯಲ್ಲಿ ಸೈಬರ್ ಅಪರಾಧ ನೋಡೋ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ ಬನ್ನಿ.

ಅವರಿಗೆ ಸುಳ್ಳು ಆಸೆ ಕೊಡೋಕೆ ನನಗೆ ಮನಸ್ಸಿಲ್ಲ. ಆರ್‌ಬಿಐನ 2017ರ ಜುಲೈ ಸುತ್ತೋಲೆ ಪ್ರಕಾರ ಗ್ರಾಹಕರ ಕೈಯಿಲ್ಲದೆ ಮೂರನೆಯವರಿಂದ ಆದ ಅನಧಿಕೃತ ವ್ಯವಹಾರನ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕರಿಗೆ ಹೊಣೆ ಇಲ್ಲ. ಆದ್ರೆ ತಾವೇ ಪಿನ್ ಒತ್ತಿ ಕಳಿಸಿದ್ದನ್ನ ಬ್ಯಾಂಕುಗಳು ಅನಧಿಕೃತ ಅಂತ ಒಪ್ಪಲ್ಲ, ಮೋಸ ಹೋಗಿ ಒತ್ತಿದ್ರೂ ಸರಿ. ನನ್ನ ಮಟ್ಟಿಗೆ ಇದು ಬದಲಾಗಬೇಕಾದ ವಿಷಯ, ಆದ್ರೆ ಸದ್ಯಕ್ಕೆ ದಾರಿ ಇರೋದು ದುಡ್ಡು ಎಲ್ಲಾದ್ರೂ ತಡೆದು ನಿಂತಿದ್ರೆ ಮಾತ್ರ. ಎಷ್ಟು ತಡೆದಿದೆ, ಅದನ್ನ ಬಿಡಿಸ್ಕೊಳ್ಳೋಕೆ ಕೋರ್ಟ್ ಆರ್ಡರ್ ಬೇಕಾ ಅಂತ ಠಾಣೆಯಲ್ಲಿ ಕೇಳಿ ತಿಳ್ಕೊಳ್ಳಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡ್ಲಿಲ್ಲ ಅಂದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದುಡ್ಡಿಲ್ಲದೆ ದೂರು ಹಾಕಬಹುದು, ವಕೀಲರು ಬೇಕಾಗಿಲ್ಲ, ಬೆಂಗಳೂರಿಗೆ ಹೋಗ್ಬೇಕಾಗಿಲ್ಲ.

ಇನ್ನು ಮುಂದಿನ ಕೆಲವು ವಾರ ಅವರಿಗೆ ಬರೋ ಫೋನ್‌ಗಳ ಮೇಲೆ ಒಂದು ಕಣ್ಣಿಡಿ. ದುಡ್ಡು ಕಳಕೊಂಡೋರ ನಂಬರ್ ಕಳ್ಳರ ಕೈಲಿ ಇರುತ್ತೆ, ‘ನಾವು ಸೈಬರ್ ಪೊಲೀಸ್, ನಿಮ್ಮ 18,000 ಸಿಕ್ಕಿದೆ, ಪ್ರೊಸೆಸಿಂಗ್ ಫೀ 900 ಕಟ್ಟಿ’ ಅಂತ ಮತ್ತೆ ಬರ್ತಾರೆ. ಪೊಲೀಸರಾಗಲಿ, ಬ್ಯಾಂಕಾಗಲಿ, ಆರ್‌ಬಿಐ ಆಗಲಿ ಕಳೆದ ದುಡ್ಡು ಕೊಡೋಕೆ ಫೀಸು ಕೇಳಲ್ಲ. ಅಂಥ ಫೋನ್ ಬಂದ್ರೆ ಇಟ್ಟು, ಆ ನಂಬರನ್ನ ಮೊದಲು ಕೊಟ್ಟ ದೂರಿಗೇ ಸೇರಿಸೋಕೆ ಠಾಣೆಯವರಿಗೆ ಹೇಳಿ.